ಟ್ರಕ್‌ನ ಕ್ಲಚ್ ಫ್ಯಾನ್ ಬಿಚ್ಚಿಸಿ ಎಲೆಕ್ಟ್ರಿಕ್ ಫ್ಯಾನ್ ಹಾಕಿಸುವ ಮುನ್ನ ಇದನ್ನು ಓದಿ

ರೇಡಿಯೇಟರ್ ತಂಪು ಮಾಡಲು ಎಂಜಿನ್ನೇ ತಿರುಗಿಸುವ ಕ್ಲಚ್ ಫ್ಯಾನ್ ಎಂಜಿನ್ನಿನ ಶಕ್ತಿ ತಿನ್ನುತ್ತದೆ, ಅದನ್ನು ತೆಗೆದು ಎರಡು ಎಲೆಕ್ಟ್ರಿಕ್ ಫ್ಯಾನ್ ಹಾಕಿದರೆ ಮೈಲೇಜ್ ಜಾಸ್ತಿ ಬರುತ್ತದೆ ಅಂತ ಯಾರಾದರೂ ನಿಮಗೆ ಹೇಳುತ್ತಿದ್ದರೆ, ದುಡ್ಡು ಕೊಡುವ ಮುಂಚೆ ಇದನ್ನು ಓದಿ. ನಾನು ಆ ಮಾತನ್ನು ನಂಬಿದೆ. ಎಂಜಿನ್ ಬಿಸಿಯೇರಿ ಅದರ ಮೇಲ್ಭಾಗದ ಹೆಡ್ ಬೆಂಡ್ ಆಯಿತು, ಹೆಡ್ ಕೆಳಗಿನ ಗ್ಯಾಸ್ಕೆಟ್ ಹೋಯಿತು, ಗಾಡಿ 19 ದಿನ ಗ್ಯಾರೇಜಿನಲ್ಲಿ ನಿಂತಿತು.

ನನ್ನದು ಟರ್ಬೊ ಡೀಸೆಲ್ ಎಂಜಿನ್ನಿನ ಚಿಕ್ಕ ಟ್ರಕ್. 12 ವೋಲ್ಟ್ ವೈರಿಂಗ್. ತುಂಬಿದ ಲೋಡ್ ಹೊತ್ತು ಏರು ಹತ್ತುವುದು ಅದಕ್ಕೆ ದಿನದ ಕೆಲಸ. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಫ್ಯಾನ್ ಭರ್ರೋ ಅಂತ ಸದ್ದು ಮಾಡುತ್ತಿತ್ತು. ಒಂದೆರಡು ನಿಮಿಷಕ್ಕೆ ತಾನಾಗಿಯೇ ಕಮ್ಮಿಯಾಗುತ್ತಿತ್ತು. ಫ್ಯಾನನ್ನು ಎಂಜಿನ್ನಿಗೆ ಹಿಡಿಸುವ, ಬಿಡಿಸುವ ಕ್ಲಚ್ ಕೆಟ್ಟಿದೆ ಅಂದುಕೊಂಡೆ. ಅದು ಕೆಟ್ಟಿರಲೇ ಇಲ್ಲ. ಗಾಡಿ ರಾತ್ರಿಯಿಡೀ ನಿಂತಿದ್ದರೆ ಕ್ಲಚ್ ಒಳಗಿನ ಗಟ್ಟಿ ಸಿಲಿಕೋನ್ ಎಣ್ಣೆ ಇಳಿದು ತಟ್ಟೆಗಳ ನಡುವೆ ಸೇರಿಕೊಳ್ಳುತ್ತದೆ. ಅದು ತನ್ನ ಜಾಗಕ್ಕೆ ವಾಪಸ್ ಹೋಗುವವರೆಗೆ ಫ್ಯಾನ್ ಎಂಜಿನ್ ಜೊತೆಗೇ ಜೋರಾಗಿ ಸುತ್ತುತ್ತದೆ, ಅಷ್ಟೇ. ಇದು ನನಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ಕಿಟ್ ಹಾಕಿಸಿದೆ. 12 ಇಂಚಿನ ಎರಡು ಫ್ಯಾನ್, ಅವಕ್ಕೆ ಕರೆಂಟ್ ಬಿಡುವ ಸ್ವಿಚ್ಚಿನಂಥ ಒಂದು ರಿಲೇ, ರೇಡಿಯೇಟರ್ ಜಾಲರಿಯೊಳಗೆ ಚುಚ್ಚುವ ಒಂದು ಸೆನ್ಸರ್. ಹಳೆ ಫ್ಯಾನನ್ನೂ ಅದರ ಸುತ್ತ ಇದ್ದ ಪ್ಲಾಸ್ಟಿಕ್ ಶ್ರೌಡನ್ನೂ ಬಿಚ್ಚಿಟ್ಟರು. ಹೊಸ ಫ್ಯಾನ್‌ಗಳನ್ನು ಪ್ಲಾಸ್ಟಿಕ್ ಕಡ್ಡಿಗಳಿಂದ ನೇರವಾಗಿ ರೇಡಿಯೇಟರ್ ಜಾಲರಿಗೇ, ಅಂದರೆ ಕೋರ್‌ಗೇ ಬಿಗಿದರು. ಅರ್ಧ ದಿನದ ಕೆಲಸ.

ಮೊದಲ ಎರಡು ವಾರ ನಾನು ತುಂಬಾ ಖುಷಿಯಲ್ಲಿದ್ದೆ. ಬೆಳಗಿನ ಸದ್ದು ಇಲ್ಲ. ಗಾಡಿ ಹಗುರಾಗಿ ಎಳೆಯುತ್ತಿದೆ ಅನ್ನಿಸುತ್ತಿತ್ತು. ಎಂಜಿನ್ ಬಿಸಿ ತೋರಿಸುವ ಗೇಜ್ ಮುಳ್ಳು ನಡುವಿನಿಂದ ಅಲ್ಲಾಡುತ್ತಿರಲಿಲ್ಲ. ಆದರೆ ಆ ಎರಡು ವಾರ ನಾನು ಓಡಿಸಿದ್ದು ಖಾಲಿ ಗಾಡಿ, ಇಲ್ಲವೇ ಅರ್ಧ ಲೋಡ್, ಅದೂ ಸಮತಟ್ಟಾದ ರಸ್ತೆಯಲ್ಲಿ. ಗಂಟೆಗೆ 60 ಕಿಲೋಮೀಟರ್ ಓಡುವಾಗ ಮುಂದಿನಿಂದ ನುಗ್ಗುವ ಗಾಳಿಯೇ ರೇಡಿಯೇಟರ್ ತಂಪು ಮಾಡುತ್ತದೆ. ಆಗ ಯಾವ ಫ್ಯಾನ್ ಇದ್ದರೂ ಒಂದೇ. ಫ್ಯಾನ್‌ಗೆ ನಿಜವಾದ ಪರೀಕ್ಷೆ ಆಗಿರಲೇ ಇಲ್ಲ.

ಪರೀಕ್ಷೆ ಆದದ್ದು ಮೂರನೇ ವಾರ. ಪೂರ್ತಿ ಲೋಡ್, ಉದ್ದನೆಯ ಏರು, ಎರಡನೇ ಗೇರ್, ಹದಿನೈದರ ಸ್ಪೀಡ್. ಗಾಳಿ ಹಿಂದಿನಿಂದ ಬೀಸುತ್ತಿತ್ತು. ಎಂಜಿನ್ ತನ್ನ ಶಕ್ತಿಯನ್ನೆಲ್ಲ ಹಾಕಿ ಎಳೆಯುತ್ತಿದೆ, ಮುಂದಿನಿಂದ ಗಾಳಿ ಇಲ್ಲವೇ ಇಲ್ಲ. ಎಂಜಿನ್ ಸುಡುವ ಡೀಸೆಲ್‌ನ ಶಾಖದಲ್ಲಿ ಕೆಲಸಕ್ಕೆ ಸಿಗುವುದು ಹೆಚ್ಚೂಕಡಿಮೆ ಮೂರನೇ ಒಂದು ಭಾಗ. ಉಳಿದದ್ದರಲ್ಲಿ ಒಂದು ಪಾಲು ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ, ಇನ್ನೊಂದು ದೊಡ್ಡ ಪಾಲನ್ನು ರೇಡಿಯೇಟರ್ ಹೊರಗೆ ಹಾಕಬೇಕು. ಅಂಥ ಹೊತ್ತಲ್ಲಿ ಇಡೀ ಭಾರ ಬೀಳುವುದು ಫ್ಯಾನ್ ಮೇಲೆ.

ಮುಳ್ಳು ತುಂಬಾ ಹೊತ್ತು ನಡುವಿನಲ್ಲೇ ಇತ್ತು. ಆಮೇಲೆ ಒಮ್ಮೆಗೇ ಎದ್ದಿತು. ಬಹಳಷ್ಟು ಗಾಡಿಗಳ ಗೇಜ್ ಹೀಗೇ ಇರುತ್ತದೆ. ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) 85 ಡಿಗ್ರಿ ಇದ್ದರೂ ನಡುವೆ, 100ರ ಹತ್ತಿರ ಹೋದರೂ ನಡುವೆ. ಅದು ಮೇಲೇಳುವ ಹೊತ್ತಿಗೆ ನಿಮ್ಮ ಕೈಯಲ್ಲಿ ಉಳಿದಿರುವುದು ಕೆಲವೇ ನಿಮಿಷ. ಎಸಿ ಆಫ್ ಮಾಡಿದೆ, ಎಂಜಿನ್ನಿನ ಬಿಸಿಯನ್ನು ಅದೂ ಸ್ವಲ್ಪ ಎಳೆಯಲಿ ಅಂತ ಹೀಟರ್ ಫುಲ್ ಇಟ್ಟೆ. ಕಾಲಿನ ಹತ್ತಿರ ಸುಡುವ ಗಾಳಿ ಬಂತು. ಎರಡೂ ಫ್ಯಾನ್ ಓಡುತ್ತಿರುವುದು ಕೇಳಿಸುತ್ತಿತ್ತು. ಗಾಡಿ ನಿಲ್ಲಿಸಲು ಜಾಗ ಹುಡುಕುತ್ತಾ ಹತ್ತುತ್ತಿದ್ದೆ. ಅಷ್ಟರಲ್ಲಿ ಮುಳ್ಳು ನಿಧಾನಕ್ಕೆ ಕೆಳಗಿಳಿಯಿತು.

ಸದ್ಯ, ಇಳಿಯಿತಲ್ಲ ಅಂತ ಉಸಿರು ಬಿಟ್ಟೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ಮುಳ್ಳು ಇಳಿದ ಹೊತ್ತಿಗೇ ಹೀಟರ್ ಗಾಳಿಯೂ ತಣ್ಣಗಾಗಿತ್ತು. ಕಾಲಿಗೆ ತಣ್ಣನೆ ಗಾಳಿ ತಾಗಿದ್ದು ಇವತ್ತಿಗೂ ನೆನಪಿದೆ. ಎಂಜಿನ್ ಸುಡುತ್ತಿರುವಾಗ ಹೀಟರ್ ತಣ್ಣಗೆ ಊದಿದರೆ ಸಾಮಾನ್ಯವಾಗಿ ಅದಕ್ಕೆ ಬಿಸಿ ತರುವ ಕೂಲೆಂಟ್ ಖಾಲಿಯಾಗಿದೆ ಅಂತ ಅರ್ಥ. ಗೇಜ್‌ನ ಸೆನ್ಸರ್ ಕೂಲೆಂಟ್‌ನಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ತೋರಿಸುತ್ತದೆ. ಅದರ ಸುತ್ತ ಬರೀ ಹಬೆ, ಗಾಳಿ ಇದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ಈ ಒಂದು ಸಂಗತಿ ತಿಳಿದಿದ್ದರೆ ನಾನು ಆ ಕ್ಷಣವೇ ರಸ್ತೆ ನಡುವೆಯಾದರೂ ಎಂಜಿನ್ ಆಫ್ ಮಾಡುತ್ತಿದ್ದೆ. ಸುಮಾರು ಮುಕ್ಕಾಲು ಕಿಲೋಮೀಟರ್ ಹಾಗೇ ಎಳೆಸಿದೆ. ಪಿಕಪ್ ಸತ್ತಿತು, ಬಾನೆಟ್ ಅಂಚಿನಿಂದ ಹಬೆ ಎದ್ದಿತು, ಎಂಜಿನ್ ತಾನೇ ನಿಂತಿತು.

ರೇಡಿಯೇಟರ್ ಕ್ಯಾಪ್ ಮುಟ್ಟಲಿಲ್ಲ, ತಣ್ಣೀರು ಸುರಿಯಲಿಲ್ಲ. ಅಷ್ಟು ಬುದ್ಧಿ ಇತ್ತು. ಪೂರ್ತಿ ಆರಿದ ಮೇಲೆ ಟೋ ಮಾಡಿಸಿಕೊಂಡು ಗ್ಯಾರೇಜಿಗೆ ಹೋದೆ. ಈ ಮೆಕ್ಯಾನಿಕ್ ಬೇರೆಯವರು, ಕಿಟ್ ಹಾಕಿದವರಲ್ಲ.

"ಫ್ಯಾನ್ ಓಡ್ತಾನೇ ಇತ್ತು ಅಣ್ಣ, ನಾನೇ ಕೇಳಿಸಿಕೊಂಡೆ" ಅಂದೆ.

"ಓಡ್ತಿತ್ತು ಸರಿ. ಎಷ್ಟು ಜೋರಾಗಿ ಓಡ್ತಿತ್ತು?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಹೆಡ್ ಬಿಚ್ಚುವ ಕೆಲಸವೆಲ್ಲ ಮುಗಿದು ಎಂಜಿನ್ ಮತ್ತೆ ಸ್ಟಾರ್ಟ್ ಆದ ದಿನ, ಆ ಫ್ಯಾನ್‌ಗಳನ್ನು ತೆಗೆಯುವ ಮುಂಚೆ, ಅವರು ಮೀಟರ್ ಹಿಡಿದು ತೋರಿಸಿದರು. ಬ್ಯಾಟರಿ ಮೇಲೆ 13.4 ವೋಲ್ಟ್. ಫ್ಯಾನ್ ಮೋಟಾರಿನ ಕನೆಕ್ಟರ್‌ನಲ್ಲಿ 11.2. ದಾರಿಯಲ್ಲೇ 2.2 ವೋಲ್ಟ್ ಮಾಯ. ಒಂದೊಂದು ಫ್ಯಾನ್ 25 ಆಂಪಿಯರ್, ಎರಡೂ ಸೇರಿ 50. ಅಷ್ಟನ್ನೂ ಒಂದೇ 40 ಆಂಪಿಯರ್ ರಿಲೇ ಮೂಲಕ, 2.5 ಚದರ ಮಿಲಿಮೀಟರ್ ವೈರ್‌ನಲ್ಲಿ ಕಳಿಸಿದ್ದರು. ಅರ್ತ್ ವೈರನ್ನು ಬಣ್ಣ ಕೆರೆಯದ ಬ್ರಾಕೆಟ್‌ಗೆ ಬಿಗಿದಿದ್ದರು. ರಿಲೇಯ ಕಾಲು ಸಿಕ್ಕಿಸುವ ಜಾಗದಲ್ಲಿ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಒಂದು ಮೂಲೆ ಕರಗಿ ಕೆಳಗೆ ಜೋತಿತ್ತು. ಹಾಕಿದ್ದ ಫ್ಯೂಸ್ 60 ಆಂಪಿಯರ್‌ದು. ಅಂದರೆ ಫ್ಯೂಸ್ ಹೋಗುವ ಮುಂಚೆ ವೈರೇ ಸುಡುತ್ತಿತ್ತು. ಇದನ್ನು ನೋಡಿ ನನಗೆ ಹೆಡ್ ಬೆಂಡ್ ಆದದ್ದಕ್ಕಿಂತ ಜಾಸ್ತಿ ಭಯವಾಯಿತು. ಡೀಸೆಲ್ ಪೈಪ್ ಅಲ್ಲೇ ಪಕ್ಕದಲ್ಲಿ ಹೋಗುತ್ತದೆ.

ವೋಲ್ಟೇಜ್ ಇಳಿದರೆ ಮೋಟಾರಿನ ವೇಗ ಇಳಿಯುತ್ತದೆ, ವೇಗ ಇಳಿದರೆ ಗಾಳಿ ಕಮ್ಮಿ. ಫ್ಯಾನ್ ಸದ್ದು ಮಾತ್ರ ಬರುತ್ತಲೇ ಇರುತ್ತದೆ.

ಇನ್ನು ಶ್ರೌಡ್. ನಾನು ಟೇಪ್ ಹಿಡಿದು ಅಳೆದೆ. ರೇಡಿಯೇಟರ್ ಕೋರ್ 60 ಸೆಂಟಿಮೀಟರ್ ಅಗಲ, 45 ಎತ್ತರ. ಎರಡು ಫ್ಯಾನ್‌ಗಳ ವೃತ್ತ ಸೇರಿಸಿದರೆ ಅದರ ಅರ್ಧಕ್ಕಿಂತ ಚೂರೇ ಜಾಸ್ತಿ. ಶ್ರೌಡ್ ಇಲ್ಲದೆ ಫ್ಯಾನನ್ನು ಕೋರ್‌ಗೆ ಅಂಟಿಸಿದಾಗ ಅದು ಗಾಳಿ ಎಳೆಯುವುದು ತನ್ನ ವೃತ್ತದ ಮುಂದಿನಿಂದ ಮಾತ್ರ. ಉಳಿದ ಭಾಗದಲ್ಲಿ ಗಾಳಿ ಹೆಚ್ಚೂಕಡಿಮೆ ನಿಂತೇ ಇರುತ್ತದೆ. ಕಸ ಅಂತ ಬಿಚ್ಚಿಟ್ಟ ಆ ಹಳೆ ಪ್ಲಾಸ್ಟಿಕ್ ಕವಚ ಇಡೀ ಕೋರ್‌ನಿಂದ ಗಾಳಿ ಎಳೆಸುತ್ತಿತ್ತು, ನೋಡಿ.

ಕೋರ್‌ಗೆ ತೂರಿಸಿದ್ದ ಪ್ಲಾಸ್ಟಿಕ್ ಕಡ್ಡಿಗಳದ್ದು ಇನ್ನೊಂದು ಕಥೆ. ಗಾಡಿ ಅದುರಿದಂತೆಲ್ಲ ಒಂದು ಕಡ್ಡಿ ಪಕ್ಕದ ಕೊಳವೆಗೆ ಉಜ್ಜಿದೆ. ಮೂರು ವಾರದಲ್ಲಿ ಅಲ್ಲೊಂದು ಸಣ್ಣ ಸೋರಿಕೆ. ಬೆರಳಿಟ್ಟರೆ ಹಸಿರು ಪುಡಿ ಅಂಟುತ್ತಿತ್ತು, ಕೂಲೆಂಟ್ ಒಣಗಿ ಕಟ್ಟಿದ್ದು. ಹನಿ ಕೆಳಗೆ ಬೀಳುತ್ತಿರಲಿಲ್ಲ, ಅದಕ್ಕೇ ನನ್ನ ಕಣ್ಣಿಗೆ ಬೀಳಲಿಲ್ಲ. ಅರ್ಧ ನೀರು ಅರ್ಧ ಗ್ಲೈಕಾಲ್ ಇರುವ ಕೂಲೆಂಟ್ ತೆರೆದಿಟ್ಟರೆ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ಕ್ಯಾಪ್ ಸರಿಯಾಗಿದ್ದು ಒಂದು ಬಾರ್ ಒತ್ತಡ ನಿಂತರೆ ಅದು 125 ಡಿಗ್ರಿ ದಾಟುತ್ತದೆ. ಸೋರಿಕೆ ಇದ್ದರೆ ಕೂಲೆಂಟೂ ಕಮ್ಮಿ, ಒತ್ತಡವೂ ಕಮ್ಮಿ. ಬೇಗ ಕುದಿಯಿತು.

ಮೈಲೇಜ್ ಬಗ್ಗೆಯೂ ಹೇಳಬೇಕು, ಏಕೆಂದರೆ ಎಲ್ಲರನ್ನೂ ಎಳೆಯುವುದು ಅದೇ. ಕ್ಲಚ್ ಫ್ಯಾನ್ ಪೂರ್ತಿ ಹಿಡಿದಾಗ ಎಂಜಿನ್ನಿನಿಂದ ಹಲವು ಕಿಲೋವಾಟ್ ತಿನ್ನುವುದು ನಿಜ. ಆದರೆ ಅದು ಪೂರ್ತಿ ಹಿಡಿಯುವುದು ರೇಡಿಯೇಟರ್‌ನಿಂದ ಬಿಸಿ ಗಾಳಿ ಬಂದು ಅದರ ಮುಂದಿರುವ ಚಿಕ್ಕ ಲೋಹದ ಸ್ಪ್ರಿಂಗ್ ಬಾಗಿದಾಗ ಮಾತ್ರ. ಉಳಿದ ಹೊತ್ತೆಲ್ಲ ಅದು ಜಾರುತ್ತಾ ಸುಮ್ನೆ ಸುತ್ತುತ್ತಿರುತ್ತದೆ. ಎಲೆಕ್ಟ್ರಿಕ್ ಫ್ಯಾನ್‌ಗೂ ಕರೆಂಟ್ ಬಿಟ್ಟಿ ಬರುವುದಿಲ್ಲ, ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಅದನ್ನು ಬೆಲ್ಟ್ ಮೂಲಕ ಎಂಜಿನ್ನಿನಿಂದಲೇ ಎಳೆಯುತ್ತದೆ. ನನ್ನ ಡೀಸೆಲ್ ಲೆಕ್ಕದ ಪುಸ್ತಕದಲ್ಲಿ ಕಿಟ್ ಹಾಕುವ ಮುಂಚಿನ ಎರಡು ತಿಂಗಳು, ಹಾಕಿದ ಮೇಲಿನ ಎರಡು ವಾರ ಹೋಲಿಸಿದೆ. ಒಂದೇ ರೀತಿಯ ಲೋಡ್, ಒಂದೇ ರೀತಿಯ ದಾರಿ ಇದ್ದ ದಿನಗಳಲ್ಲಿ ವ್ಯತ್ಯಾಸ ಅಂತ ಹೇಳುವಷ್ಟು ಏನೂ ಇರಲಿಲ್ಲ. ಗಾಡಿ ಹಗುರಾಗಿದೆ ಅನ್ನಿಸಿದ್ದು ಸದ್ದು ಕಮ್ಮಿಯಾದದ್ದಕ್ಕೆ.

ಎಲೆಕ್ಟ್ರಿಕ್ ಫ್ಯಾನ್ ಅಂದರೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಎಷ್ಟೋ ಕಾರುಗಳು ಕಂಪನಿಯಿಂದಲೇ ಹಾಗೆ ಬರುತ್ತವೆ. ಅಲ್ಲಿ ರೇಡಿಯೇಟರ್, ಶ್ರೌಡ್, ಆಲ್ಟರ್ನೇಟರ್ ಎಲ್ಲವನ್ನೂ ಆ ಫ್ಯಾನ್‌ಗೆ ತಕ್ಕಂತೆ ಲೆಕ್ಕ ಹಾಕಿರುತ್ತಾರೆ. ಲೋಡ್ ಹೊರುವ ಟ್ರಕ್‌ಗೆ ಪೆಟ್ಟಿಗೆಯಲ್ಲಿ ಬಂದ ಕಿಟ್ ಹಾಕುವುದು ಬೇರೆ ಮಾತು. ನಿಮ್ಮ ಕ್ಲಚ್ ಬಗ್ಗೆ ಅನುಮಾನ ಇದ್ದರೆ ಮೊದಲು ಅದನ್ನೇ ನೋಡಿ. ಎಂಜಿನ್ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡು, ಫ್ಯಾನನ್ನು ಕೈಯಿಂದ ತಿರುಗಿಸಿ. ಬಿಸಿ ಎಂಜಿನ್‌ನಲ್ಲೂ ಯಾವ ಹಿಡಿತವೂ ಇಲ್ಲದೆ ಗಿರಗಿರ ಸುತ್ತಿದರೆ, ಹಿಂದೆ ಮುಂದೆ ಅಲ್ಲಾಡಿದರೆ, ಕ್ಲಚ್ ಮುಖದ ಮೇಲೆ ಎಣ್ಣೆ ಹರಡಿ ಧೂಳು ಹತ್ತಿದ್ದರೆ ಹೊಸ ಕ್ಲಚ್ ಹಾಕಿಸಿ. ಟರ್ಬೊದ ಗಾಳಿ ತಂಪು ಮಾಡುವ ಇಂಟರ್‌ಕೂಲರ್‌ಗೂ ರೇಡಿಯೇಟರ್‌ಗೂ ನಡುವಿನ ಸಂದಿಗೆ ಟಾರ್ಚ್ ಬಿಟ್ಟು ನೋಡಿ. ಅಲ್ಲಿ ಧೂಳು, ಹೊಟ್ಟು ತುಂಬಿದ್ದರೆ ಯಾವ ಫ್ಯಾನ್ ಹಾಕಿದರೂ ಪ್ರಯೋಜನ ಇಲ್ಲ.

ಈಗಾಗಲೇ ಹಾಕಿಸಿದ್ದೀರಾ? ಹಾಗಿದ್ದರೆ ಮುಂದಿನ ಲೋಡ್ ತುಂಬುವ ಮುಂಚೆ ಫ್ಯಾನ್ ಮೋಟಾರಿನ ಕನೆಕ್ಟರ್ ಮೇಲೆ, ಎರಡೂ ಫ್ಯಾನ್ ಓಡುತ್ತಿರುವಾಗ, ಹೆಡ್‌ಲೈಟ್ ಮತ್ತು ಎಸಿ ಆನ್ ಇಟ್ಟು, ಆಕ್ಸಿಲರೇಟರ್ ಒತ್ತದೆ ಐಡಲ್‌ನಲ್ಲಿ ವೋಲ್ಟೇಜ್ ಅಳೆಸಿ. ಐಡಲ್‌ನಲ್ಲಿ ಆಲ್ಟರ್ನೇಟರ್ ತನ್ನ ಪೂರ್ತಿ ಆಂಪಿಯರ್ ಕೊಡುವುದಿಲ್ಲ, ಅಲ್ವಾ. ಬ್ಯಾಟರಿಗೂ ಮೋಟಾರಿಗೂ ಅರ್ಧ ವೋಲ್ಟ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ದಪ್ಪ ವೈರ್ ಎಳೆಸಿ, ಒಂದೊಂದು ಫ್ಯಾನ್‌ಗೂ ಬೇರೆ ಬೇರೆ ರಿಲೇ, ಬೇರೆ ಫ್ಯೂಸ್ ಹಾಕಿಸಿ. ರಿಲೇಯನ್ನು ಮುಟ್ಟಿ ನೋಡಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಅದು ಸರಿಯಿಲ್ಲ. ಕಡ್ಡಿಗಳನ್ನು ಕಿತ್ತು ಫ್ರೇಮ್‌ಗೆ ಬ್ರಾಕೆಟ್ ಮಾಡಿಸಿ, ಶ್ರೌಡ್ ಕೂರಿಸಿ. ಡಿಗ್ರಿಯಲ್ಲಿ ಅಂಕಿ ತೋರಿಸುವ ಗೇಜ್ ಒಂದನ್ನು ಹಾಕಿಸಿ.

ನಾನು ಹಳೆ ಕ್ಲಚ್ ಫ್ಯಾನನ್ನೇ ವಾಪಸ್ ಹಾಕಿಸಲು ಹೋದೆ. ಅದನ್ನು ಮೂಲೆಯಲ್ಲಿ ಮಲಗಿಸಿ ಇಟ್ಟಿದ್ದೆ. ಎತ್ತಿದಾಗ ನೆಲದ ಮೇಲೆ ಅಂಗೈ ಅಗಲದ ಎಣ್ಣೆ ಕಲೆ. ಕ್ಲಚ್ ಫ್ಯಾನ್ ಬಿಚ್ಚಿಟ್ಟರೆ ಗಾಡಿಯಲ್ಲಿ ಇದ್ದ ಹಾಗೇ ನಿಲ್ಲಿಸಿ ಇಡಬೇಕಂತೆ, ಮಲಗಿಸಿದರೆ ಒಳಗಿನ ಸಿಲಿಕೋನ್ ಎಣ್ಣೆ ಸೋರುತ್ತದೆ. ಚೆನ್ನಾಗಿದ್ದ ಕ್ಲಚ್ಚೂ ಹಾಳಾಯಿತು, ಹೊಸದೇ ಕೊಳ್ಳಬೇಕಾಯಿತು. ಹೆಡ್ ಸಮ ಮಾಡುವ ಫೇಸಿಂಗ್, ಗ್ಯಾಸ್ಕೆಟ್, ರೇಡಿಯೇಟರ್ ಕೋರ್, ಅದರ ಜೊತೆಗೆ ಇದೊಂದು.

ಕಳೆದ ವಾರ ಅದೇ ಏರು, ಅಷ್ಟೇ ಲೋಡ್. ಹೊಸ ಗೇಜ್ 91, 93, 95 ಅಂತ ಏರುತ್ತಾ ಹೋಯಿತು. ನನ್ನ ಕೈ ಸ್ಟೇರಿಂಗ್ ಮೇಲೆ ಬೆವರುತ್ತಿತ್ತು. 97ಕ್ಕೆ ಬಾನೆಟ್ ಕೆಳಗಿಂದ ಆ ಹಳೆ ಭರ್ರೋ ಸದ್ದು ಎದ್ದಿತು. ಎರಡು ನಿಮಿಷದಲ್ಲಿ ಗೇಜ್ 92ಕ್ಕೆ ಬಂದು ನಿಂತಿತು.