ಕ್ಯೂನಲ್ಲೇ ಕಳೆದ ವರ್ಷ: ಸಿಂಗಪುರದ ಸರತಿ ಸಾಲುಗಳಿಗೆ ನನ್ನ ಅಂಕಪಟ್ಟಿ, 2015

ನಾನು ಅರಸೀಕೆರೆಯವಳು. ಸೊಸೈಟಿಗೆ ಸೀಮೆಎಣ್ಣೆ ಬಂತೆಂದು ಗೊತ್ತಾದರೆ ಸಾಕು, ಅಮ್ಮ ನನ್ನ ಕೈಗೆ ಡಬ್ಬ ಕೊಟ್ಟು ಓಡಿಸುತ್ತಿದ್ದಳು. ಅಲ್ಲಿ ಸಾಲಿನಲ್ಲಿ ಮನುಷ್ಯರಿಗಿಂತ ಡಬ್ಬ, ಕಲ್ಲು, ಒಂಟಿ ಹವಾಯಿ ಚಪ್ಪಲಿಗಳೇ ಜಾಸ್ತಿ ನಿಂತಿರುತ್ತಿದ್ದವು. ಯಾರ ಕಲ್ಲು ಯಾವುದು ಅನ್ನುವ ಜಗಳ ಮುಗಿಯುವಷ್ಟರಲ್ಲಿ ಎಣ್ಣೆ ಮುಗಿದಿರುತ್ತಿತ್ತು. ಕೆಂಪು ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುವ ವಿದ್ಯೆ ಹೈಸ್ಕೂಲು ಮೆಟ್ಟಿಲು ಹತ್ತುವ ಮುಂಚೆಯೇ ಕರಗತವಾಗಿತ್ತು.

ಇಂಥವಳು 2008ರಲ್ಲಿ ಸಿಂಗಪುರಕ್ಕೆ ಬಂದಿಳಿದೆ. ಮೊದಲ ವಾರವೇ, ಸಣ್ಣ ಊಟದಂಗಡಿಗಳು ಒಂದೇ ಸೂರಿನಡಿ ಇರುವ ಒಂದು ಹಾಕರ್ ಸೆಂಟರಿನಲ್ಲಿ ಖಾಲಿ ಮೇಜು ಕಂಡು ಕೂತೆ. ಯಾರೋ ಮರೆತು ಹೋದಂತೆ ಮೇಜಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ ಬಿದ್ದಿತ್ತು. ಒಂದೆರಡು ತೆಗೆದು ಕೈಯನ್ನೂ ಒರೆಸಿಕೊಂಡೆ. ನೂಡಲ್ಸ್ ತಟ್ಟೆ ಹಿಡಿದು ಬಂದ ಮನುಷ್ಯ ನನ್ನನ್ನು ನೋಡಿದ ನೋಟ ಇವತ್ತಿಗೂ ನೆನಪಿದೆ. ಇಲ್ಲಿಯವರು ಅದಕ್ಕೆ ‘ಚೋಪ್’ ಅನ್ನುತ್ತಾರೆ. ಟಿಶ್ಯೂ ಇಟ್ಟರೆ ಜಾಗ ನಿಮ್ಮದು, ಯಾರೂ ಮುಟ್ಟುವುದಿಲ್ಲ. ನಮ್ಮ ಕರ್ಚೀಫೇ! ಅಂದಿನಿಂದ ಈ ಊರು ನನಗೆ ಅರ್ಧ ಪರಿಚಯದ್ದು ಅನ್ನಿಸತೊಡಗಿತು.

ಈ ದೇಶದಲ್ಲಿ ನಾನು ಅತಿ ಹೆಚ್ಚು ಬಳಸಿದ ಸೇವೆ ಯಾವುದೆಂದರೆ ಕ್ಯೂ. ಹೋಟೆಲುಗಳಿಗೆ ನಕ್ಷತ್ರ ಕೊಡುವವರು ಬೇಕಾದಷ್ಟು ಜನ ಇದ್ದಾರೆ, ಕ್ಯೂಗೆ ಕೊಟ್ಟವರನ್ನು ನಾನು ನೋಡಿಲ್ಲ. 2015 ಈ ದೇಶಕ್ಕೆ 50 ತುಂಬಿದ ವರ್ಷ. ಸಾವು, ಹಬ್ಬ, ಚುನಾವಣೆ, ಹೊಗೆ ಎಲ್ಲಕ್ಕೂ ಜನ ಸಾಲು ನಿಂತರು, ಹಲವು ಕಡೆ ನಾನೂ ನಿಂತೆ. ಅಂಕಗಳು 5ಕ್ಕೆ.

ಮಾರ್ಚ್ 23, ಸೋಮವಾರ, ಬೆಳಗಿನ ಜಾವ 3 ಗಂಟೆ 18 ನಿಮಿಷಕ್ಕೆ ಸಿಂಗಪುರದ ಮೊದಲ ಪ್ರಧಾನಿ ಲೀ ಕುವಾನ್ ಯೂ ಹೋದರು, 91 ವರ್ಷ. ನಾನು ಎದ್ದು ಫೋನು ನೋಡುವಷ್ಟರಲ್ಲಿ ಎದುರು ಮನೆಯ ಆಂಟಿಯ ಟಿವಿ ಜೋರಾಗಿ ಕೇಳುತ್ತಿತ್ತು. ಈ ಆಂಟಿಯ ಬಗ್ಗೆ ಹೇಳಲೇಬೇಕು, ಯಾಕೆಂದರೆ ವರ್ಷದ ಮುಕ್ಕಾಲು ಕ್ಯೂಗಳಲ್ಲಿ ಇವರೇ ನನ್ನ ಜೊತೆ. ಎಪ್ಪತ್ತರ ಹತ್ತಿರ ವಯಸ್ಸು, ಮನೆಮಾತು ಹೊಕ್ಕಿಯೆನ್ ಅನ್ನುವ ಚೀನೀ ನುಡಿ. ಸಿಂಗಪುರದ ಈಶಾನ್ಯ ತುದಿಯ ಪುಂಗೋಲ್‌ನಲ್ಲಿ ಅಪ್ಪನ ಹಂದಿ ಸಾಕಣೆ ಇತ್ತು. ಸರ್ಕಾರ ಅಲ್ಲಿನ ಹಂದಿಗೂಡುಗಳನ್ನೆಲ್ಲ ಎತ್ತಿಸಿದಾಗ ಇವರ ಕುಟುಂಬ ಎಚ್‌ಡಿಬಿ, ಅಂದರೆ ಸರ್ಕಾರಿ ಫ್ಲಾಟುಗಳ ಬ್ಲಾಕಿಗೆ ಬಂತು. ಆಂಟಿಗೆ ಹಂದಿ ಹೋದದ್ದು ಅಷ್ಟು ಬೇಸರವಿಲ್ಲ. ರೇಡಿಯೋದಲ್ಲಿ ಹೊಕ್ಕಿಯೆನ್ ಕಥೆ ಹೇಳುವುದು ನಿಂತುಹೋದದ್ದನ್ನು ಮಾತ್ರ ಇವತ್ತಿಗೂ ಕ್ಷಮಿಸಿಲ್ಲ. 1979ರಲ್ಲಿ ಲೀ ‘ಮ್ಯಾಂಡರಿನ್ ಮಾತಾಡಿ’ ಅನ್ನುವ ಅಭಿಯಾನ ಶುರು ಮಾಡಿದ ಮೇಲೆ ಉಳಿದ ಚೀನೀ ನುಡಿಗಳು ರೇಡಿಯೋದಿಂದಲೂ ಟಿವಿಯಿಂದಲೂ ಒಂದೊಂದಾಗಿ ಮರೆಯಾದವು. ‘ಆ ಮುದುಕ ನನ್ನ ಅವ್ವನ ಬಾಯಿಗೆ ಬೀಗ ಹಾಕಿದ’ ಎಂದು ಲಿಫ್ಟಿನಲ್ಲಿ ಹತ್ತು ಸಲವಾದರೂ ನನ್ನ ಹತ್ತಿರ ಹೇಳಿದ್ದಾರೆ.

ಅದೇ ಆಂಟಿ ಗುರುವಾರ ಸಂಜೆ ಕಪ್ಪು ಬ್ಲೌಸು ಹಾಕಿಕೊಂಡು ಬಾಗಿಲು ಬಡಿದರು. ‘ಬಾ, ಪಾರ್ಲಿಮೆಂಟಿಗೆ ಹೋಗೋಣ.’

25ರಿಂದ ಪಾರ್ಥಿವ ಶರೀರವನ್ನು ಪಾರ್ಲಿಮೆಂಟ್ ಹೌಸಿನಲ್ಲಿ ಇಟ್ಟಿದ್ದರು. ರಾತ್ರಿ 8ಕ್ಕೆ ಮುಚ್ಚುವುದೆಂದು ಮೊದಲು ಇತ್ತು. ಬಂದ ಜನ ನೋಡಿ ದಿನವಿಡೀ 24 ಗಂಟೆ ತೆರೆದರು, ರೈಲುಗಳನ್ನೂ ರಾತ್ರಿಯೆಲ್ಲ ಓಡಿಸಿದರು. ಸಾಲಿನ ಬಾಲ ಪಡಾಂಗ್‌ನಲ್ಲಿತ್ತು. ಪಡಾಂಗ್ ಅಂದರೆ ಊರ ನಡುವಿನ ಹುಲ್ಲು ಮೈದಾನ. ಕಬ್ಬಿಣದ ಬೇಲಿಗಳ ನಡುವೆ ಹಾವಿನ ಹಾಗೆ ಹೋಗಿ, ತಿರುಗಿ ಬಂದು, ಮತ್ತೆ ಹೋಗುವ ಸಾಲು. ಒಂದು ಗಂಟೆ ಹಿಂದೆ ಎದುರಿಗೆ ಸಿಕ್ಕ ಮುಖವೇ ಮತ್ತೆ ಎದುರಿಗೆ. ಮೂರನೇ ಸಲಕ್ಕೆ ಜನ ನಗಲು ಶುರುಮಾಡಿದರು, ನಾಲ್ಕನೆಯದಕ್ಕೆ ಪೆಪ್ಪರ್‌ಮಿಂಟ್ ಹಂಚಿಕೊಂಡರು. ವಯಸ್ಸಾದವರಿಗೆ, ಬಸುರಿಯರಿಗೆ ಬೇರೆ ಸಾಲು ಇತ್ತು. ಸ್ವಯಂಸೇವಕಿಯೊಬ್ಬಳು ಆಂಟಿಯನ್ನು ಆ ಕಡೆ ಕರೆದಳು. ‘ಈ ಕಾಲು ಇನ್ನೂ ನಡೆಯುತ್ತೆ ಲಾ’ ಎಂದು ಆಂಟಿ ಅಲ್ಲಾಡಲಿಲ್ಲ. ಇವರ ಸ್ವಾಭಿಮಾನದ ಪಾಲಿಗೆ ನಾನೂ ಆರು ಗಂಟೆ ಚಿಲ್ಲರೆ ನಿಂತೆ ಅನ್ನುವುದನ್ನು ದಾಖಲಿಸುತ್ತೇನೆ.

ಸೇವೆ ಹೇಗಿತ್ತು? ನೀರಿನ ಬಾಟಲಿ ಕೇಳುವ ಮುಂಚೆಯೇ ಕೈಗೆ. ಬನ್ನು, ಬಿಸ್ಕತ್ತು ಯಾರ್ಯಾರೋ ತಂದು ಹಂಚುತ್ತಿದ್ದರು. ಹಗಲು ನಿಂತವರಿಗೆ ಕೊಡೆಗಳೂ ಸಿಕ್ಕಿದವಂತೆ. ಒಬ್ಬರೂ ನುಗ್ಗಲಿಲ್ಲ. ನನ್ನ ಕಾಲು ಮಾತ್ರ ಅರಸೀಕೆರೆ ಅಭ್ಯಾಸದಂತೆ ಮುಂದಿನವರ ಹಿಮ್ಮಡಿಗೆ ಅಂಟಿಕೊಳ್ಳುತ್ತಿತ್ತು. ಇಲ್ಲಿ ಹಿಂದೆ ಮುಂದೆ ನಿಂತ ಇಬ್ಬರ ನಡುವೆ ಒಂದು ಕೈಯಷ್ಟು ಗಾಳಿ ಬಿಡುತ್ತಾರೆ. ಆ ಗಾಳಿಯೊಳಗೆ ಯಾರೂ ತೂರುವುದಿಲ್ಲ ಅನ್ನುವ ನಂಬಿಕೆ ನನಗೆ ಬರಲು ಎರಡು ಗಂಟೆ ಹಿಡಿಯಿತು. ಬಂದ ಮೇಲೆ ಭುಜ ಸಡಿಲವಾಯಿತು, ಸತ್ಯವಾಗಿ.

ಒಳಗೆ ಹೋದಾಗ ರಾತ್ರಿ ಎರಡು ಗಂಟೆ ದಾಟಿತ್ತು. ತಲೆ ಬಗ್ಗಿಸಿ ನಿಂತ ಕಾವಲಿನವರು, ನಡುವೆ ಪೆಟ್ಟಿಗೆ. ಒಬ್ಬೊಬ್ಬರಿಗೆ ಕೆಲವೇ ಸೆಕೆಂಡು. ಆಂಟಿ ಮೂರು ಸಲ ಬಾಗಿದರು, ಹಿಂದಿನವರು ಕಾದರು. ಹೊರಗೆ ಬಂದು ಕಣ್ಣೊರೆಸಿಕೊಳ್ಳುತ್ತಾ ‘ಅಯ್ಯೋ, ಹೊಕ್ಕಿಯೆನ್‌ನಲ್ಲೇ ಬೈದು ಬಂದೆ’ ಅಂದರು. (ಅಯ್ಯೋ ಅನ್ನುವುದು ಇಲ್ಲಿ ಚೀನೀಯರ ಬಾಯಲ್ಲೂ ಉಂಟು, ಗಾಬರಿ ಬೇಡ.) ಬೈದದ್ದು ನಿಜವೋ ತಮಾಷೆಯೋ ನಾನು ಕೇಳಲಿಲ್ಲ.

ನಾಲ್ಕು ದಿನದಲ್ಲಿ ನಾಲ್ಕೂವರೆ ಲಕ್ಷಕ್ಕಿಂತ ಹೆಚ್ಚು ಜನ ಆ ಸಾಲಿನಲ್ಲಿ ಹಾದುಹೋದರು. ಆಗ ಊರಿನ ಜನಸಂಖ್ಯೆಯೇ ಐವತ್ತೈದು ಲಕ್ಷದ ಆಸುಪಾಸು. ಶುಕ್ರವಾರ ರಾತ್ರಿ ಕಾಯುವ ಹೊತ್ತು ಹತ್ತು ಗಂಟೆ ಮುಟ್ಟಿ, ಸಾಲನ್ನೇ ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು. ಅದಕ್ಕೆ ಅರ್ಧ ಅಂಕ ಕಳೆಯುತ್ತೇನೆ. ಭಾನುವಾರ 29ಕ್ಕೆ ಅಂತಿಮಯಾತ್ರೆ. ಆಕಾಶ ಹರಿದಂತೆ ಮಳೆ. ಆವತ್ತು ಭಾರತದಲ್ಲೂ ಶೋಕಾಚರಣೆ ಇತ್ತು, ಮೋದಿಯವರೂ ಬಂದಿದ್ದರು. ರಸ್ತೆಬದಿಯಲ್ಲಿ ನಿಂತವರು ಕೊಡೆ ಇದ್ದೂ ನೆನೆದರು. 4.5.

ಜೂನ್ ಅಂದರೆ ಸೀ ಗೇಮ್ಸ್, ಆಗ್ನೇಯ ಏಷ್ಯಾದ ದೇಶಗಳ ಕ್ರೀಡಾಕೂಟ. 5ರಿಂದ 16ರವರೆಗೆ. ಇಲ್ಲಿಯ ಈಜುಗಾರ ಜೋಸೆಫ್ ಸ್ಕೂಲಿಂಗ್ ಈಜಿದ್ದಕ್ಕೆಲ್ಲ ಚಿನ್ನ, ಒಟ್ಟು ಒಂಬತ್ತು. ಟಿಕೆಟ್ ಆನ್‌ಲೈನ್, ಒಳಗೆ ಹೋಗುವುದು ಸಲೀಸು, ಹೇಳುವಂಥದ್ದೇನಿಲ್ಲ. ಆದರೆ ಆಟ ಶುರುವಾದ ದಿನವೇ ಮಲೇಷ್ಯಾದ ಸಬಾದಲ್ಲಿ ಭೂಕಂಪವಾಗಿ, ಅಲ್ಲಿನ ಕಿನಬಾಲು ಬೆಟ್ಟ ಹತ್ತಲು ಹೋಗಿದ್ದ ಇಲ್ಲಿನ ಟಂಜೋಂಗ್ ಕಾಟೋಂಗ್ ಪ್ರಾಥಮಿಕ ಶಾಲೆಯ ಮಕ್ಕಳು ತೀರಿಕೊಂಡರು. ಶಾಲೆಯ ಗೇಟಿನ ಮುಂದೆ ಹೂವಿಡಲು ಜನ ನಿಂತರು. ಆ ಸಾಲಿಗೆ ನಾನು ಅಂಕ ಹಾಕುವುದಿಲ್ಲ.

ಜುಲೈ 7ರ ಸಂಜೆ ಪೂರ್ವ–ಪಶ್ಚಿಮ, ಉತ್ತರ–ದಕ್ಷಿಣ ಎರಡೂ ರೈಲು ಮಾರ್ಗ ಒಟ್ಟಿಗೇ ನಿಂತುಹೋದವು. ಆಫೀಸು ಬಿಡುವ ಹೊತ್ತು. ನಮ್ಮದು ಸೆಂಗ್‌ಕಾಂಗ್, ಬೇರೆ ಮಾರ್ಗ, ಹಾಗಾಗಿ ನನಗೆ ಬಿಸಿ ತಟ್ಟಲಿಲ್ಲ. ಬಸ್ಸುಗಳನ್ನು ಉಚಿತ ಬಿಟ್ಟರು, ಬಸ್ ಸ್ಟಾಪಿನಲ್ಲಿ ಸಾಲು ಉಬ್ಬಿ ಜಾತ್ರೆಯಾಯಿತು. ಆ ನೂಕುನುಗ್ಗಲು ಕಂಡಾಗ ಒಳಗೊಳಗೇ ಸಣ್ಣ ಸಮಾಧಾನ ಆದದ್ದನ್ನು ಒಪ್ಪಿಕೊಳ್ಳುತ್ತೇನೆ. ಇವರೂ ಮನುಷ್ಯರೇ. 2.

ಆಗಸ್ಟ್ ಬಂತು. 9ಕ್ಕೆ ದೇಶಕ್ಕೆ ಐವತ್ತು. 7ನೇ ತಾರೀಖನ್ನೂ ರಜೆ ಮಾಡಿ ನಾಲ್ಕು ದಿನದ ಹಬ್ಬ. ಮನೆಮನೆಗೂ ಒಂದು ‘ಫನ್‌ಪ್ಯಾಕ್’ ಅನ್ನುವ ಹಬ್ಬದ ಉಡುಗೊರೆ ಚೀಲ, ಸುಮಾರು 12 ಲಕ್ಷ ಚೀಲಗಳು. ಕಮ್ಯುನಿಟಿ ಕ್ಲಬ್ಬಿನಲ್ಲಿ ಹೋಗಿ ತೆಗೆದುಕೊಳ್ಳಬೇಕು. ಆಂಟಿಯ ಚೀಲ ಹೊರಲು ನಾನು ಹೋದೆ. ಎಲ್ಲರಿಗೂ ಸಿಗುತ್ತದೆ, ಮುಗಿದುಹೋಗುವ ಮಾತೇ ಇಲ್ಲ, ಆದರೂ ಬಾಗಿಲು ತೆರೆಯುವ ಮುಂಚೆಯೇ ಮುದುಕರ ದಂಡು ಹಾಜರು. ಇದಕ್ಕೆ ಇಲ್ಲಿ ‘ಕಿಯಾಸು’ ಅನ್ನುತ್ತಾರೆ. ಹೊಕ್ಕಿಯೆನ್ ಮಾತು, ಸೋತುಬಿಡುತ್ತೇನೇನೋ ಅನ್ನುವ ದಿಗಿಲು. ನಮ್ಮ ಕಡೆ ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೇ ಕೂರಬೇಕು ಅಂತ ಊಟದ ಹಾಲಿನ ಬಾಗಿಲಲ್ಲಿ ನಿಲ್ಲುವವರನ್ನು ನೆನೆಸಿಕೊಳ್ಳಿ. ಸಾಲು ಚೆನ್ನಾಗಿ ಓಡಿತು, 4.

9ರ ಬೆಳಿಗ್ಗೆ 9ಕ್ಕೆ ರೇಡಿಯೋ, ಟಿವಿ ಎಲ್ಲ ಕಡೆ ಲೀ ಅವರ ದನಿ. ಸ್ವಾತಂತ್ರ್ಯ ಘೋಷಣೆಯನ್ನು ಅವರು ಓದಿ ಮೊದಲೇ ಧ್ವನಿಮುದ್ರಿಸಿಟ್ಟಿದ್ದರು. ಸತ್ತವರ ದನಿ ಬ್ಲಾಕಿನ ಪ್ರತಿ ಮಹಡಿಯಿಂದ ಒಂದೇ ಸಲಕ್ಕೆ ಕೇಳಿದರೆ ಹೇಗಿರುತ್ತದೆ ಅನ್ನುವುದನ್ನು ಬರೆದು ತೋರಿಸಲು ಬರುವುದಿಲ್ಲ. ಸಂಜೆಯ ಪೆರೇಡು ಪಡಾಂಗ್‌ನಲ್ಲೇ. ಟಿಕೆಟ್ ಲಾಟರಿ ಎತ್ತಿ ಕೊಡುತ್ತಾರೆ, ನನಗೆ ಸಿಗಲಿಲ್ಲ. ಗಣ್ಯರ ಸಾಲಿನಲ್ಲಿ ಲೀ ಅವರ ಖಾಲಿ ಕುರ್ಚಿಯ ಮೇಲೆ ಒಂದು ಗೊನೆ ಆರ್ಕಿಡ್ ಇಟ್ಟಿದ್ದರು. ಟಿವಿಯಲ್ಲಿ ಅದು ಕಂಡೊಡನೆ ಆಂಟಿ ‘ನೋಡು, ಅಲ್ಲೂ ಚೋಪ್’ ಅಂದು ನಕ್ಕು, ಆಮೇಲೆ ತುಂಬಾ ಹೊತ್ತು ಮಾತಾಡಲಿಲ್ಲ. ಆ ದಿನ ಬಸ್ಸು, ರೈಲು ಎಲ್ಲ ಪುಕ್ಕಟೆ. ಬಾಣಬಿರುಸು ನೋಡಿ ಮರಳುವಾಗ ಸ್ಟೇಷನ್ನಿನ ಬಾಗಿಲಿಗೇ ಮುಕ್ಕಾಲು ಗಂಟೆ. ಪುಕ್ಕಟೆ ಅಂದಮೇಲೆ ಗೊಣಗಬಾರದು, 3.5.

ಸೆಪ್ಟೆಂಬರ್ 11, ಶುಕ್ರವಾರ, ಮತದಾನ. ನನಗೆ ಓಟಿಲ್ಲ, ಬ್ಲಾಕಿನ ಕೆಳಗಿನ ತೆರೆದ ಅಂಗಳದಲ್ಲಿ, ಅಂದರೆ ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನಲ್ಲಿ ಕೂತು ನೋಡಿದೆ. ಇಲ್ಲಿ ಮತದಾನ ಕಡ್ಡಾಯ. 89 ಸ್ಥಾನಗಳಲ್ಲಿ ಎಲ್ಲದಕ್ಕೂ ಸ್ಪರ್ಧೆ ನಡೆದದ್ದು ಸ್ವಾತಂತ್ರ್ಯ ಬಂದ ಮೇಲೆ ಇದೇ ಮೊದಲು. ಐವತ್ತು ವರ್ಷ ತುಂಬಿದ ದೇಶದಲ್ಲಿ ಓಟು ಹಾಕುವ ಅವಕಾಶವೇ ಸಿಗದೆ ಬೆಳೆದವರು ಎಷ್ಟೋ ಜನ, ಅವರ ಕ್ಷೇತ್ರದಲ್ಲಿ ಎದುರಾಳಿಯೇ ನಿಂತಿರುತ್ತಿರಲಿಲ್ಲ. ಲೀ ಅವರ ಪಕ್ಷವಾದ ಪೀಪಲ್ಸ್ ಆ್ಯಕ್ಷನ್ ಪಾರ್ಟಿ 83 ಗೆದ್ದಿತು, ಸುಮಾರು ಶೇ 70 ಮತ. ಉಳಿದ ಆರು ವರ್ಕರ್ಸ್ ಪಾರ್ಟಿಗೆ. ಆಂಟಿ ಹತ್ತೇ ನಿಮಿಷದಲ್ಲಿ ಹೋಗಿ ಬಂದರು. ಯಾರಿಗೆ ಹಾಕಿದಿರಿ ಅಂದೆ. ‘ಕೋಪಿ ಕುಡಿಸು, ಹೇಳ್ತೀನಿ’ ಅಂದರು. ಕೋಪಿ–ಓ ಕೋಸೋಂಗ್ ಕುಡಿಸಿದೆ, ಅಂದರೆ ಹಾಲು ಸಕ್ಕರೆ ಎರಡೂ ಇಲ್ಲದ ಕಡು ಕಪ್ಪು ಕಾಫಿ. ಹೇಳಲಿಲ್ಲ. ಕ್ಯೂಗೆ 5, ಆಂಟಿಗೆ 1.

ಅದೇ ತಿಂಗಳು ಹೊಗೆ. ಇಂಡೋನೇಷ್ಯಾದ ಸುಮಾತ್ರಾ, ಕಾಲಿಮಂತಾನ್‌ಗಳಲ್ಲಿ ಕಾಡಿಗೂ, ಕೊಳೆತ ಗಿಡಗಂಟಿ ತುಂಬಿದ ಪೀಟ್ ನೆಲಕ್ಕೂ ಬಿದ್ದ ಬೆಂಕಿ, ಗಾಳಿ ಬೀಸಿದ ಕಡೆ ನಾವು. ಬೆಳಿಗ್ಗೆ ಎದ್ದರೆ ರಾಶಿಭವಿಷ್ಯ ನೋಡುವಂತೆ ಮಾಲಿನ್ಯದ ಸೂಚ್ಯಂಕ ನೋಡುವುದು. 300 ದಾಟಿದಾಗ 25ರಂದು ಶಾಲೆಗಳನ್ನೇ ಮುಚ್ಚಿದರು. ಮಾಸ್ಕಿಗೆ ಒಂದು ಔಷಧಿ ಅಂಗಡಿಯಲ್ಲಿ ನಿಂತೆ. ನನ್ನ ಸರದಿ ಬಂದಾಗ ಮಕ್ಕಳ ಅಳತೆ ಖಾಲಿ, ಅದನ್ನು ಬಾಗಿಲಲ್ಲಿ ಬರೆದು ಹಾಕುವ ಬುದ್ಧಿ ಯಾರಿಗೂ ಹೊಳೆದಿರಲಿಲ್ಲ. 1.5. ಇದೇ ಹೊಗೆಯಲ್ಲೇ ಫಾರ್ಮುಲಾ ಒನ್ ರೇಸೂ ನಡೆಯಿತು. ಕಾರುಗಳು ಓಡುತ್ತಿರುವ ಟ್ರ್ಯಾಕಿನ ಮೇಲೆ ಒಬ್ಬ ಮನುಷ್ಯ ಸಂಜೆ ವಾಕಿಂಗ್ ಹೊರಟವನಂತೆ ನಡೆದು ಹೋದ. ಇಡೀ ವರ್ಷದಲ್ಲಿ ಸಾಲು ತಪ್ಪಿಸಿದವನು ಅಂತ ನನಗೆ ಕಂಡವನು ಅವನೊಬ್ಬ.

ತಪ್ಪು ಹೇಳಿದೆ. ನವೆಂಬರ್ 24 ಇದೆಯಲ್ಲ, ಸಿಂಗಪುರ್ ಎಕ್ಸ್‌ಪೋದಲ್ಲಿ ಮೋದಿಯವರ ಭಾಷಣ. ನಮ್ಮವರದೇ ಸಾಲು. ‘ನಾನು ಇಲ್ಲೇ ಇದ್ದೆ, ನೀರು ಕುಡಿಯೋಕೆ ಹೋಗಿದ್ದೆ’ ಎಂದು ಒಬ್ಬರು ಒಳಗೆ ಬಂದರೆ ಅವರ ಹಿಂದೆ ಇಡೀ ಕುಟುಂಬ, ಅವರ ಹಿಂದೆ ಊರಿಂದ ಬಂದ ಬೀಗರು. ಏಳು ವರ್ಷ ಇಲ್ಲಿ ಗೆರೆ ಹೊಡೆದಂತೆ ನಿಂತವರೇ ಇವರು, ಅದೇ ನನಗೆ ಸೋಜಿಗ. ಕನ್ನಡ, ತೆಲುಗು, ಗುಜರಾತಿ, ತಮಿಳು ಎಲ್ಲದರಲ್ಲೂ ಜಗಳ ಕೇಳಿಸಿತು. ನನ್ನ ಮೊಣಕೈ ತಾನಾಗಿಯೇ ಹೊರಬಂತು, ಎಷ್ಟು ವರ್ಷದ ಮೇಲೆ! ಅಂಕ 2, ಸಂತೋಷಕ್ಕೆ ಬೇರೆ ಲೆಕ್ಕ. ಹಿಂದಿನ ಸಂಜೆ ಆಗಿನ ಸಿಂಗಪುರ ಪ್ರಧಾನಿ ಲೀ ಸಿಯೆನ್ ಲೂಂಗ್ ಅವರು ಮೋದಿಯವರನ್ನು ಸೆರಂಗೂನ್ ರಸ್ತೆಯ ಕೋಮಳ ವಿಲಾಸಕ್ಕೆ ಊಟಕ್ಕೆ ಕರೆದುಕೊಂಡು ಹೋಗಿದ್ದರು. 1947ರ ಹೋಟೆಲು, ನಾವು ದೋಸೆ ತಿನ್ನುವ ಜಾಗ. ಅವರಿಬ್ಬರು ಕ್ಯೂ ನಿಲ್ಲಲಿಲ್ಲ ಅಂತ ಕಾಣುತ್ತದೆ.

ನ್ಯಾಷನಲ್ ಗ್ಯಾಲರಿ ಅದೇ 24ರಂದು ಬಾಗಿಲು ತೆರೆಯಿತು. ಹಳೆಯ ಸುಪ್ರೀಂ ಕೋರ್ಟು, ಸಿಟಿ ಹಾಲು ಎರಡನ್ನೂ ಸೇರಿಸಿ ಮಾಡಿದ ಚಿತ್ರಶಾಲೆ. ಡಿಸೆಂಬರಿನ ಒಂದು ಮಂಗಳವಾರ ಆಂಟಿಯನ್ನು ಕರೆದುಕೊಂಡು ಹೋದೆ. ಹೋಗುವುದಾದರೆ ವಾರದ ನಡುವೆಯೇ ಹೋಗಿ, ಸಾಲೇ ಇರಲಿಲ್ಲ. ಮೇಲಿನಿಂದ ನೋಡಿದರೆ ಎದುರಿಗೇ ಪಡಾಂಗ್. ಮಾರ್ಚಿನಲ್ಲಿ ನಾವು ತುಳಿದ ಹುಲ್ಲು ಮತ್ತೆ ಹಸಿರಾಗಿತ್ತು.

ಸಿಂಗಪುರದ ಕಲೆಯ ವಿಭಾಗದಲ್ಲಿ ಚುವಾ ಮಿಯಾ ಟೀ ಅವರು 1959ರಲ್ಲಿ ಬರೆದ ‘ನ್ಯಾಷನಲ್ ಲ್ಯಾಂಗ್ವೇಜ್ ಕ್ಲಾಸ್’ ಅನ್ನುವ ಚಿತ್ರ ಇದೆ. ದುಂಡು ಮೇಜಿನ ಸುತ್ತ ಚೀನೀ ಹುಡುಗ ಹುಡುಗಿಯರು, ಮಲಯ್ ಕಲಿಸುವ ಮೇಷ್ಟರು, ಹಿಂದೆ ಕರಿಹಲಗೆ. ಹಲಗೆಯ ಮೇಲೆ ಎರಡು ಪ್ರಶ್ನೆ: ನಿನ್ನ ಹೆಸರೇನು? ಎಲ್ಲಿ ವಾಸ? ಆಂಟಿ ಕನ್ನಡಕ ಏರಿಸಿಕೊಂಡು ‘ಸಿಯಾಪಾ ನಾಮಾ ಕಾಮು’ ಎಂದು ಓದಿದರು. ಆಮೇಲೆ ಚಿತ್ರದ ಕಡೆಗೇ ನೋಡುತ್ತಾ ಹೊಕ್ಕಿಯೆನ್‌ನಲ್ಲಿ ತಮ್ಮ ಹೆಸರು ಹೇಳಿದರು. ಏಳು ವರ್ಷದಲ್ಲಿ ಆ ಹೆಸರನ್ನು ಪೂರ್ತಿಯಾಗಿ ನಾನು ಕೇಳಿದ್ದು ಅದೇ ಮೊದಲು. ಎರಡನೇ ಪ್ರಶ್ನೆಗೆ ‘ಪುಂಗೋಲ್, ಹಂದಿಗೂಡಿನ ಪಕ್ಕ’ ಅಂದರು, ನನಗೆ ತಿಳಿಯಲಿ ಅಂತ ಇಂಗ್ಲಿಷಿನಲ್ಲಿ. ಹಿಂದೆ ಶಾಲೆಯ ಮಕ್ಕಳ ಗುಂಪೊಂದು ಸಾಲಾಗಿ ಬಂದು ನಿಂತಿತ್ತು. ಟೀಚರು ಅವಸರ ಮಾಡಲಿಲ್ಲ, ಮಕ್ಕಳೂ ಕಾದರು.