ದಿನಕ್ಕೊಂದು, ಲೈವ್, ಇಲ್ಲಾ ಒಟ್ಟಿಗೆ ನಾಲ್ಕು: ನನ್ನ ಟ್ಯಾಲಿ ಕೋರ್ಸಿಗೆ ಯಾವುದು ಹೊಂದಿತು?

ಉಡುಪಿಯ ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಬಿಕಾಂ ಮುಗಿಸಿ ಸಣ್ಣ ಆಫೀಸುಗಳಿಗೆ ಕೆಲಸಕ್ಕೆ ಸೇರುವವರಿಗೆ ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಪ್ರೈಮನ್ನು ಕನ್ನಡದಲ್ಲೇ ಕಲಿಸಬೇಕು ಅಂತ 2025ರ ಜನವರಿಯಲ್ಲಿ ಆನ್‌ಲೈನ್ ಕೋರ್ಸ್ ಶುರು ಮಾಡಿದೆ. ಒಟ್ಟು 36 ಪಾಠ. ಮೊದಲ 14 ಪಾಠ ದಿನಕ್ಕೊಂದರಂತೆ ರೆಕಾರ್ಡ್ ಮಾಡಲು ಹೊರಟೆ. ನಂತರದ 8 ಲೈವ್ ಕ್ಲಾಸಿನ ರೆಕಾರ್ಡಿಂಗ್. ಉಳಿದ 14ನ್ನು ಒಂದು ಸಲಕ್ಕೆ ನಾಲ್ಕರ ಹಾಗೆ ಒಟ್ಟಿಗೆ ರೆಕಾರ್ಡ್ ಮಾಡಿದೆ. ಮೂರನ್ನೂ ಮಾಡಿ ನೋಡಿದ ಮೇಲೆ ನನ್ನ ಮಟ್ಟಿಗೆ ಒಟ್ಟಿಗೆ ಮಾಡುವುದೇ ಸರಿ ಅನಿಸಿದೆ. ಆದರೆ ಲೈವ್ ಇಲ್ಲದಿದ್ದರೆ ಆ ಪಾಠಗಳು ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ.

ದಿನಕ್ಕೊಂದು ಪಾಠ ಅಂದಾಗ ಬಹಳ ಸುಲಭ ಅನಿಸಿತ್ತು. ಹತ್ತು ನಿಮಿಷದ ವಿಡಿಯೊ ಅಲ್ವಾ? ರಾತ್ರಿ ಊಟ ಆದ ಮೇಲೆ ಮಾಡೋಣ ಅಂದುಕೊಂಡೆ. ನಮ್ಮ ಕಡೆ ಜನವರಿ ಅಂದರೆ ದೈವಗಳ ಕೋಲ, ನೇಮ, ಯಕ್ಷಗಾನ ಮೇಳದ ಆಟಗಳ ಕಾಲ. ಮೇ ತಿಂಗಳ ಕೊನೆಗೆ ಇವೆಲ್ಲ ನಿಲ್ಲುವ ದಿನವಾದ ಪತ್ತನಾಜೆ ಬರುವವರೆಗೂ ಯಾವುದೋ ಒಂದು ದಿಕ್ಕಿನಿಂದ ಚೆಂಡೆ, ಮೈಕಿನ ಸದ್ದು ಕೇಳುತ್ತಲೇ ಇರುತ್ತದೆ. ಕೇಳಲು ನನಗೆ ಖುಷಿಯೇ. ಪಾಠದ ಹಿಂದೆ ಅದು ಬಂದರೆ ಆಗುವುದಿಲ್ಲ. ಹಾಗಾಗಿ ಬೆಳಿಗ್ಗೆ ಐದಕ್ಕೆ ಬದಲಾಯಿಸಿದೆ. ಹದಿನಾಲ್ಕು ದಿನದ ಕೆಲಸಕ್ಕೆ ಐದು ವಾರ ಹಿಡಿಯಿತು.

ತಡ ಆದದ್ದು ದೊಡ್ಡ ತೊಂದರೆ ಅಲ್ಲ. ಪಾಠಗಳು ಒಂದರಂತೆ ಇನ್ನೊಂದು ಇರಲಿಲ್ಲ, ಅದೇ ತೊಂದರೆ. ಒಂದರಲ್ಲಿ ನಿದ್ದೆಗಣ್ಣಿನ ದನಿ, ಇನ್ನೊಂದರಲ್ಲಿ ಗಡಿಬಿಡಿ. ಒಂದರಲ್ಲಿ ಸ್ಕ್ರೀನಿನ ಅಕ್ಷರ ದೊಡ್ಡದು, ಮುಂದಿನದರಲ್ಲಿ ಇರುವೆಯಷ್ಟು. ಕಾರ್ಕಳದ ಗೇರುಬೀಜದ ಫ್ಯಾಕ್ಟರಿಯ ಆಫೀಸಿನಲ್ಲಿ ಕೆಲಸ ಮಾಡುವ ಒಬ್ಬಳು ಮೆಸೇಜ್ ಕಳಿಸಿದಳು: "ಮೇಡಂ, ಲೆಡ್ಜರ್ ಬೇರೆ, ಖಾತೆ ಬೇರೆಯಾ? ಎರಡನ್ನೂ ಓಪನ್ ಮಾಡಬೇಕಾ?" ತಿರುಗಿ ನೋಡಿದೆ. ಆರನೇ ಪಾಠದಲ್ಲಿ ಲೆಡ್ಜರ್ ಅಂದಿದ್ದೆ, ಏಳನೆಯದರಲ್ಲಿ ಅದಕ್ಕೇ ಖಾತೆ ಅಂದಿದ್ದೆ. ಹೊಸದಾಗಿ ಕಲಿಯುವವರಿಗೆ ಎರಡು ಹೆಸರು ಅಂದರೆ ಎರಡು ವಸ್ತು. ಆ ಹುಡುಗಿ ಒಂದು ಸಂಜೆ ಪೂರ್ತಿ ಇಲ್ಲದ ಬಟನ್ ಹುಡುಕುತ್ತ ಕೂತಿದ್ದಳಂತೆ. ನನಗೆ ತುಂಬಾ ಬೇಸರವಾಯಿತು.

ಅವತ್ತೇ ಒಂದು ನೋಟ್‌ಬುಕ್ ಇಟ್ಟೆ. ಯಾವ ಪದ ಬಳಸಬೇಕು, ಯಾವುದು ಬೇಡ, ಎಲ್ಲ ಅದರಲ್ಲಿದೆ. ಲೆಡ್ಜರ್ ಅಂದರೆ ಕೊನೆಯವರೆಗೂ ಲೆಡ್ಜರ್. ಕೀ ಹೆಸರು ಮೊದಲು, ಕೆಲಸ ಆಮೇಲೆ: "ಎಫ್8 ಒತ್ತಿ, ಮಾರಾಟದ ವೋಚರ್ ಬಂತು. ಎಫ್9 ಒತ್ತಿ, ಖರೀದಿಯದ್ದು ಬಂತು."

ಮಾರ್ಚಿನಿಂದ ಲೈವ್. ಶನಿವಾರ ಸಂಜೆ ಆರೂವರೆಗೆ ಗೂಗಲ್ ಮೀಟ್. ಹೇಳಿದ ದಿನಕ್ಕೆ ತಪ್ಪದೆ ಪಾಠ ಆಗುವ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ. ಎಂಟು ಶನಿವಾರ, ಎಂಟು ಪಾಠ. ಜನ ಕಾಯುತ್ತಿರುವಾಗ ಜ್ವರ ಬಂದರೂ ಕೂರುತ್ತೇವೆ. ಮತ್ತೆ ಪ್ರಶ್ನೆಗಳು! "ಅಂಗಡಿಯ ದುಡ್ಡು ಬ್ಯಾಂಕಿಗೆ ಕಟ್ಟಿದರೆ ಅದೂ ಪೇಮೆಂಟೇ ಅಲ್ವಾ, ಎಫ್5 ಯಾಕೆ ಆಗಲ್ಲ?" ಅಂತ ಒಬ್ಬರು ಕೇಳಿದರು. ದುಡ್ಡು ನಮ್ಮಿಂದ ಹೊರಗೆ ಹೋಗಲಿಲ್ಲ, ನಮ್ಮದೇ ಪೆಟ್ಟಿಗೆಯಿಂದ ನಮ್ಮದೇ ಬ್ಯಾಂಕ್ ಲೆಡ್ಜರಿಗೆ ಹೋಯಿತು, ಅದಕ್ಕೇ ಎಫ್4, ಕಾಂಟ್ರಾ. ದಿನಾ ಈ ಎಂಟ್ರಿ ಹಾಕುವ ನನಗೆ ಇದನ್ನು ಬಿಡಿಸಿ ಹೇಳಬೇಕು ಅಂತ ಹೊಳೆದಿರಲೇ ಇಲ್ಲ.

ಆದರೆ ರೆಕಾರ್ಡಿಂಗನ್ನು ಕೋರ್ಸಿಗೆ ಹಾಕಿದರೆ ಬೇರೆ ಕಥೆ. ಒಂದು ಪಾಠ 40 ನಿಮಿಷ, ಇನ್ನೊಂದು 70. ನಡುವೆ "ನನ್ನ ದನಿ ಕೇಳ್ತಾ ಇದೆಯಾ?" ಅಂತ ನಾಲ್ಕು ಸಲ. ಬೇರೆಯವರ ದನಿ, ಹೆಸರು ಬರುವುದರಿಂದ ಪ್ರತಿಯೊಬ್ಬರ ಒಪ್ಪಿಗೆಯೂ ಬೇಕು. ಕತ್ತರಿಸಲು ಕೂತರೆ ಇಡೀ ಭಾನುವಾರ ಅದಕ್ಕೇ ಹೋಗುತ್ತಿತ್ತು.

ಜೂನ್‌ನಲ್ಲಿ ಒಟ್ಟಿಗೆ ಮಾಡುವುದಕ್ಕೆ ಇಳಿದೆ. ದಿನಾ ರಾತ್ರಿ ಅರ್ಧ ಗಂಟೆ ಬರೆಯುವುದು ಮಾತ್ರ. ನಾಲ್ಕು ಪಾಠ ತಯಾರಾದ ಮೇಲೆ ಮಳೆ ಹೊಳವಾದ ದಿನ ನೋಡಿ ಕೂರುವುದು. ನಮ್ಮದು ಹಂಚಿನ ಮನೆ, ಅಡುಗೆಕೋಣೆಯ ಮೇಲೆ ತಗಡಿನ ಶೀಟು. ಜುಲೈ ಮಳೆ ಆ ಶೀಟಿಗೆ ಬಿದ್ದರೆ ಪಕ್ಕದವರ ಮಾತೂ ಕೇಳುವುದಿಲ್ಲ. ದಿನಕ್ಕೊಂದು ಅಂತ ಹಟ ಹಿಡಿದಿದ್ದರೆ ಆ ತಿಂಗಳು ಒಂದು ಪಾಠವೂ ಆಗುತ್ತಿರಲಿಲ್ಲ.

ಒಳಕೋಣೆಯ ಕಪಾಟಿನ ಬಾಗಿಲು ಪೂರ್ತಿ ತೆರೆದು, ಸೀರೆಗಳ ಎದುರಿಗೇ ಮೈಕ್ ಇಡುತ್ತೇನೆ. ಬಟ್ಟೆ ಸದ್ದನ್ನು ಹೀರುತ್ತದೆ, ಕೋಣೆ ಗುಂಯ್ ಅನ್ನುವುದಿಲ್ಲ. ಬಾಯಿಂದ ಮೈಕಿಗೆ ಒಂದು ಗೇಣು. ಶುರುವಿಗೆ ಐದು ಸೆಕೆಂಡ್ ಸುಮ್ನೆ ಇರುತ್ತೇನೆ. ದನಿ ತಿದ್ದುವ ಸಾಫ್ಟ್‌ವೇರ್ ಆಡಾಸಿಟಿಯಲ್ಲಿ ಆ ಖಾಲಿ ಭಾಗವನ್ನು ಮಾದರಿಯಾಗಿ ತೋರಿಸಿದರೆ ಫ್ಯಾನಿನಂಥ ಒಂದೇ ಸಮನೆಯ ಸದ್ದು ಇಡೀ ಪಾಠದಲ್ಲಿ ತಗ್ಗುತ್ತದೆ. ಕೊನೆಗೆ ಎಲ್ಲ ಪಾಠದ ದನಿಯನ್ನೂ ಮೈನಸ್ 16 ಎಲ್‌ಯುಎಫ್‌ಎಸ್ (ದನಿ ಎಷ್ಟು ಜೋರು ಅಂತ ಅಳೆಯುವ ಮಾನ) ಮಟ್ಟಕ್ಕೆ ತರುತ್ತೇನೆ. ಹೀಗೆ ಮಾಡಿದರೆ ಕೇಳುವವರು ಪಾಠಕ್ಕೊಮ್ಮೆ ವಾಲ್ಯೂಮ್ ಜಾಸ್ತಿ ಕಡಿಮೆ ಮಾಡಬೇಕಿಲ್ಲ. ಇದೆಲ್ಲ ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿದೆ.

ಮೊದಲ ಸಲ ಆರು ಪಾಠ ಮಾಡಲು ನೋಡಿದೆ. ಐದನೆಯದರಲ್ಲಿ ಗಂಟಲು ಕಟ್ಟಿತು, ಆರನೆಯದನ್ನು ಅಳಿಸಬೇಕಾಯಿತು. ನಾಲ್ಕೇ ಸಾಕು, ನಡುವೆ ಬಿಸಿನೀರು.

ಮೂರೂ ಬಗೆಯ ನಿಜವಾದ ಪರೀಕ್ಷೆ ಆದದ್ದು ಸೆಪ್ಟೆಂಬರಿನಲ್ಲಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರ ಬದಲಾಯಿತು, ಸಿಮೆಂಟ್ 28ರಿಂದ 18 ಪರ್ಸೆಂಟಿಗೆ ಇಳಿಯಿತು. ನನ್ನ ಉದಾಹರಣೆಗಳೆಲ್ಲ ಹಾರ್ಡ್‌ವೇರ್ ಅಂಗಡಿಯವು, ಸಿಮೆಂಟ್ ಮೂರು ಕಡೆಯೂ ಇತ್ತು. 350 ರೂಪಾಯಿಯ 10 ಚೀಲ, ಅಂದರೆ 3,500ಕ್ಕೆ ಮೊದಲು 980 ತೆರಿಗೆ ತೋರಿಸಿದ್ದೆ. ಈಗ 630, ಅದರಲ್ಲಿ ಕೇಂದ್ರದ ಪಾಲು ಸಿಜಿಎಸ್‌ಟಿ 315, ರಾಜ್ಯದ ಪಾಲು ಎಸ್‌ಜಿಎಸ್‌ಟಿ 315.

ಒಟ್ಟಿಗೆ ಮಾಡಿದ ಪಾಠದಲ್ಲಿ ಎರಡು ನಿಮಿಷದ ಆ ತುಂಡನ್ನಷ್ಟೇ ಮತ್ತೆ ಹೇಳಿ ಸೇರಿಸಿದೆ. ಅದೇ ಕಪಾಟು, ಅದೇ ಗೇಣು. ಅಕ್ಕನಿಗೆ ಕೇಳಿಸಿದರೆ ಎಲ್ಲಿ ಜೋಡಿಸಿದ್ದು ಅಂತ ಗೊತ್ತಾಗಲಿಲ್ಲ. ದಿನಕ್ಕೊಂದರ ಕಾಲದ ಪಾಠಕ್ಕೆ ಹೊಸ ತುಂಡು ಹೊಂದಲೇ ಇಲ್ಲ, ಬೇರೆ ಯಾರೋ ಮಾತಾಡಿದ ಹಾಗೆ ಕೇಳಿತು. ಪೂರ್ತಿ ಹೊಸದಾಗಿ ಮಾಡಿದೆ. ಲೈವ್ ಪಾಠದಲ್ಲಿ 28 ಅನ್ನುವ ಸಂಖ್ಯೆ ಎಲ್ಲರ ಪ್ರಶ್ನೆಯಲ್ಲೂ ನನ್ನ ಉತ್ತರದಲ್ಲೂ ಹೆಣೆದುಕೊಂಡಿತ್ತು. ಬಿಡಿಸಲು ಆಗಲಿಲ್ಲ, ತೆಗೆದೇ ಹಾಕಿದೆ.

ಈಗ ತಿಂಗಳ ಮೊದಲ ಶನಿವಾರ ಮಾತ್ರ ಲೈವ್, ರೆಕಾರ್ಡ್ ಮಾಡುವುದಿಲ್ಲ. ಅಲ್ಲಿ ಬಂದ ಪ್ರಶ್ನೆಗಳನ್ನು ನೋಟ್‌ಬುಕ್ಕಿಗೆ ಬರೆದುಕೊಂಡು ಮುಂದಿನ ನಾಲ್ಕು ಪಾಠಕ್ಕೆ ಸೇರಿಸುತ್ತೇನೆ. ಹಳೆಯ ಹದಿನಾಲ್ಕರಲ್ಲಿ ಒಂಬತ್ತನ್ನು ಹೊಸದಾಗಿ ಮಾಡಿ ಆಯಿತು. ಲೆಡ್ಜರಿನ ಆರು, ಏಳನೇ ಪಾಠವನ್ನೇ ಮೊದಲು ಮಾಡಿ ಕಾರ್ಕಳದ ಹುಡುಗಿಗೆ ಕಳಿಸಿದ್ದೆ.