ಎಲಿಂಗ್ಟನ್ ಅಟ್ ನ್ಯೂಪೋರ್ಟ್: ಕೊಳ್ಳುವುದಾದರೆ ಎರಡು ಸಿಡಿಯದ್ದೇ

ಅಮೆರಿಕದ ಜಾಜ್ ಪಿಯಾನೊ ವಾದಕ, ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ ಅವರ ಈ ಹೆಸರಿನ ಧ್ವನಿಮುದ್ರಿಕೆ ಒಂದಲ್ಲ, ಎರಡು. ಮೊದಲನೆಯದು 1956ರಲ್ಲಿ ಕೊಲಂಬಿಯಾ ರೆಕಾರ್ಡ್ ಕಂಪನಿ ಹೊರತಂದ ಎಲ್‌ಪಿ ಮತ್ತು ಅದರ ಮರುಮುದ್ರಣಗಳು. ಎರಡನೆಯದು 1999ರಲ್ಲಿ ಬಂದ, 'ಕಂಪ್ಲೀಟ್' ಎಂಬ ಪಟ್ಟಿ ಹೊತ್ತ ಎರಡು ಸಿಡಿಗಳ ಆವೃತ್ತಿ. ಗುರುತು ಹಿಡಿಯುವುದು ಸುಲಭ. ಐದೇ ಟ್ರ್ಯಾಕ್ ಇದ್ದರೆ ಅದು ಹಳೆಯದು. ಅಮೆರಿಕದ ರಾಷ್ಟ್ರಗೀತೆಯಿಂದ ಶುರುವಾಗಿ ನಡುನಡುವೆ ಮಾತು, ಘೋಷಣೆಗಳಿದ್ದರೆ ಹೊಸದು. ದುಡ್ಡು ಕೊಡುವ ಮುಂಚೆ ಟ್ರ್ಯಾಕ್ ಪಟ್ಟಿ ನೋಡಿ, ಮುಖಪುಟವನ್ನು ನಂಬಬೇಡಿ.

ಹಳೆಯದರ ತೊಂದರೆ ಇಷ್ಟು. ಕಛೇರಿ ನಡೆದದ್ದು 1956ರ ಜುಲೈ 7ರ ರಾತ್ರಿ, ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟ್ ಜಾಜ್ ಉತ್ಸವದಲ್ಲಿ. ಉತ್ಸವಕ್ಕೆಂದೇ ಎಲಿಂಗ್ಟನ್ ಮತ್ತು ಅವರ ಜೊತೆ ರಚನೆಕಾರ ಬಿಲ್ಲಿ ಸ್ಟ್ರೇಹಾರ್ನ್ ಬರೆದಿದ್ದ ಮೂರು ಭಾಗದ ಸೂಟ್‌ಗೆ (ಒಂದಕ್ಕೊಂದು ಹೊಂದಿಸಿದ ರಚನೆಗಳ ಮಾಲೆ) ಅಭ್ಯಾಸ ಸಾಲದೆ ಬ್ಯಾಂಡ್ ಅಲ್ಲಲ್ಲಿ ಎಡವಿತ್ತು. ಎರಡು ದಿನ ಬಿಟ್ಟು ಸ್ಟುಡಿಯೊದಲ್ಲಿ ಮತ್ತೆ ನುಡಿಸಿ, ಅದರ ಮೇಲೆ ಚಪ್ಪಾಳೆ ಅಂಟಿಸಿದರು. 'ಲೈವ್' ಎಂದು ದಶಕಗಳ ಕಾಲ ಮಾರಾಟವಾದ ಎಲ್‌ಪಿಯಲ್ಲಿ ಬಹುಪಾಲು ಹೀಗೆ ತಯಾರಾದದ್ದು. ನಿಜಕ್ಕೂ ಆ ರಾತ್ರಿಯದೇ ಆಗಿದ್ದ ಪಾಲ್ ಗೊನ್ಸಾಲ್ವೆಸ್ ಅವರ ಟೆನರ್ ಸ್ಯಾಕ್ಸೊಫೋನ್ ಸೋಲೊ ಅದರಲ್ಲಿ ಪಕ್ಕದ ಕೋಣೆಯಿಂದ ಬಂದ ಹಾಗೆ ಕೇಳುತ್ತದೆ. ವೇದಿಕೆಯಲ್ಲಿ ಕೊಲಂಬಿಯಾದ ಮೈಕ್ ಒಂದು, ವಾಯ್ಸ್ ಆಫ್ ಅಮೆರಿಕ ರೇಡಿಯೊದ ಮೈಕ್ ಇನ್ನೊಂದು ಇದ್ದವು. ಗೊನ್ಸಾಲ್ವೆಸ್ ರೇಡಿಯೊದ ಮೈಕಿಗೆ ಮುಖ ಮಾಡಿ ಊದಿದರು.

ರೇಡಿಯೊದವರ ಟೇಪು 1990ರ ದಶಕದಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಪತ್ತೆಯಾಯಿತು. ಹೊಸ ಆವೃತ್ತಿಯನ್ನು ಸಿದ್ಧಪಡಿಸಿದ ಫಿಲ್ ಶಾಪ್ ಅವರ ತಂಡ ಕೊಲಂಬಿಯಾದ್ದು, ರೇಡಿಯೊದ್ದು ಎಂಬ ಎರಡು ಮೋನೊ (ಒಂದೇ ಚಾನೆಲಿನ) ಟೇಪುಗಳನ್ನು ಜೋಡಿಸಿ ಸ್ಟೀರಿಯೊ ಮಾಡಿತು. ಕೇಳಲು ಸರಳ, ಮಾಡಲು ಕಷ್ಟ: ಎರಡು ಟೇಪ್ ಯಂತ್ರಗಳು ಎಂದೂ ಒಂದೇ ವೇಗದಲ್ಲಿ ಓಡುವುದಿಲ್ಲ, ನಿಮಿಷ ಕಳೆದಂತೆ ಒಂದು ಮುಂದೆ ಹೋಗುತ್ತದೆ, ಇನ್ನೊಂದು ಹಿಂದೆ ಬೀಳುತ್ತದೆ. ಅದನ್ನು ಉದ್ದಕ್ಕೂ ಸರಿಪಡಿಸಿದ್ದಾರೆ, ಕೆಲಸ ಅಚ್ಚುಕಟ್ಟಾಗಿದೆ. ಆದರೂ ಇದು ಹುಟ್ಟಾ ಸ್ಟೀರಿಯೊ ಅಲ್ಲ. ಮೊಬೈಲಿನ ಒಂಟಿ ಸ್ಪೀಕರಿನಲ್ಲಿ ಹಾಕಿದರೆ ಎರಡೂ ಚಾನೆಲ್ ಬೆರೆತು, ಕೆಲವು ಸ್ವರಗಳು ಒಂದನ್ನೊಂದು ತಿಂದು, ನಾದ ಪೊಳ್ಳಾಗುತ್ತದೆ. ಹೆಡ್‌ಫೋನ್ ಅಥವಾ ದೂರದೂರ ಇಟ್ಟ ಎರಡು ಸ್ಪೀಕರ್ ಬೇಕೇ ಬೇಕು.

ಈಗ ಮುಖ್ಯ ವಿಷಯ, ಮೊದಲ ಸಿಡಿಯ ಕೊನೆಯ ಭಾಗದಲ್ಲಿರುವ 'ಡಿಮಿನ್ಯುಯೆಂಡೊ ಆಂಡ್ ಕ್ರೆಶೆಂಡೊ ಇನ್ ಬ್ಲೂ'. 1937ರಲ್ಲಿ ಇದು 78 ಆರ್‌ಪಿಎಂ ತಟ್ಟೆಯ ಎರಡು ಮಗ್ಗುಲಿಗೆ ಹಂಚಿದ ಎರಡು ರಚನೆಯಾಗಿತ್ತು. ನ್ಯೂಪೋರ್ಟ್‌ನಲ್ಲಿ ಎರಡನ್ನೂ ಬೆಸೆಯುವ ಸೇತುವೆಯಾಗಿ ಗೊನ್ಸಾಲ್ವೆಸ್ ಸೋಲೊ ಬರುತ್ತದೆ: 27 ಕೋರಸ್, ಸುಮಾರು ಆರು ನಿಮಿಷ. ಕೋರಸ್ ಅಂದರೆ ನಮ್ಮ ಆವರ್ತವಿದ್ದಂತೆ. ಈ ರಚನೆಯ ಶೈಲಿಯಾದ ಬ್ಲೂಸಿನಲ್ಲಿ ಅದು 12 ಬಾರ್, ಬಾರಿಗೆ 4 ಏಟು. ಈ ವೇಗದಲ್ಲಿ ಏಟು ಎಣಿಸಿದರೆ ನಾಲಿಗೆ ತೊಡರುತ್ತದೆ, ಬಾರ್ ಎಣಿಸಿ. ಐದನೇ ಬಾರಿನಲ್ಲಿ ಬಾಸ್ ಮಧ್ಯಮಕ್ಕೆ ಸರಿಯುತ್ತದೆ, ಏಳಕ್ಕೆ ಷಡ್ಜಕ್ಕೆ ಮರಳುತ್ತದೆ, ಒಂಬತ್ತರಿಂದ ಪಂಚಮದ ಕಡೆ ವಾಲಿ ಹನ್ನೊಂದಕ್ಕೆ ಮನೆ ಸೇರುತ್ತದೆ. ಎರಡು ಸುತ್ತು ಸಿಕ್ಕರೆ ಉಳಿದ 25 ತಾವೇ ಸಿಗುತ್ತವೆ. ಬ್ಯಾಂಡ್ ಬರೆದದ್ದನ್ನು ನುಡಿಸುವ ಭಾಗದಲ್ಲಿ ಮಾತ್ರ ಎಣಿಸಲು ಹೋಗಬೇಡಿ, ಅಲ್ಲಿ ಶ್ರುತಿಯೇ ಬದಲಾಗುತ್ತಾ ಹೋಗುತ್ತದೆ.

ಎಲ್ಲರೂ ಸ್ಯಾಕ್ಸೊಫೋನ್ ಹೊಗಳುತ್ತಾರೆ. ಎರಡನೇ ಸಲ ಕೇಳುವಾಗ ಅದನ್ನು ಬಿಟ್ಟು ಪಿಯಾನೊ ಹಿಂಬಾಲಿಸಿ. ಬ್ಯಾಂಡ್ ಪೂರ್ತಿ ಸುಮ್ಮನಿದೆ. ಜಿಮ್ಮಿ ವುಡ್ ಅವರ ಬಾಸ್, ಸ್ಯಾಮ್ ವುಡ್ಯಾರ್ಡ್ ಅವರ ಡ್ರಮ್ಸ್, ಆಗೊಮ್ಮೆ ಈಗೊಮ್ಮೆ ಎಲಿಂಗ್ಟನ್. ಅವರು ನುಡಿಸುವುದಕ್ಕಿಂತ ನುಡಿಸದೆ ಬಿಡುವುದೇ ಹೆಚ್ಚು. ಒಂದು ಗಡುಸು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಕುಟ್ಟಿ, ಕೈ ತೆಗೆದು, ವಾದಕನಿಗೆ ಜಾಗ ಕೊಟ್ಟು, ಕಾವು ಇಳಿಯಿತೆನ್ನುವಾಗ ಇನ್ನೊಂದು. ಒಳ್ಳೆಯ ಪಕ್ಕವಾದ್ಯದವರ ಲಕ್ಷಣವೇ ಇದು. ಹಿಂದೆ ಕೇಳುವ ಕೂಗುಗಳು ಬ್ಯಾಂಡಿನವರದೇ. ವೇದಿಕೆಯ ಅಂಚಿನಲ್ಲಿ ಡ್ರಮ್ಮರ್ ಜೋ ಜೋನ್ಸ್ ಸುರುಳಿ ಸುತ್ತಿದ ಪತ್ರಿಕೆಯಿಂದ ತಾಳ ಹಾಕುತ್ತಿದ್ದರು. ಸಭೆಯಲ್ಲಿ ಕಪ್ಪು ಉಡುಪಿನ ಹೊಂಗೂದಲ ಮಹಿಳೆಯೊಬ್ಬರು ಕುಣಿಯಲು ಎದ್ದ ಮೇಲೆ ಜನ ಹಿಡಿತ ತಪ್ಪಿದರು. ಆ ಗದ್ದಲ ಏರುವುದು ಹೊಸ ಆವೃತ್ತಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೇಳುತ್ತದೆ. ಅಂಟಿಸಿದ ಚಪ್ಪಾಳೆಗೆ ಈ ಏರಿಕೆ ಎಲ್ಲಿಂದ ಬರಬೇಕು?

ಆ ರಾತ್ರಿಯ ತೂಕ ತಿಳಿಯಲು ಹಿನ್ನೆಲೆ ಸ್ವಲ್ಪ ಬೇಕು. 1899ರಲ್ಲಿ ವಾಷಿಂಗ್ಟನ್‌ನಲ್ಲಿ ಹುಟ್ಟಿದ ಎಲಿಂಗ್ಟನ್ 1927ರ ಕೊನೆಯಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಕಾಟನ್ ಕ್ಲಬ್ ಎಂಬ ನೈಟ್‌ಕ್ಲಬ್ ಸೇರಿ ರೇಡಿಯೊ ಮೂಲಕ ದೇಶಕ್ಕೆಲ್ಲ ಪರಿಚಿತರಾದರು. 1950ರ ದಶಕದ ಆರಂಭಕ್ಕೆ ಬಿಗ್ ಬ್ಯಾಂಡ್‌ಗಳ ಕಾಲ ಮುಗಿದಿತ್ತು. 1951ರಲ್ಲಿ ಆಲ್ಟೊ ಸ್ಯಾಕ್ಸೊಫೋನ್ ವಾದಕ ಜಾನಿ ಹಾಜಸ್ ತಂಡ ಬಿಟ್ಟುಹೋಗಿ 1955ರಲ್ಲಷ್ಟೇ ಮರಳಿದ್ದರು. ಹಾಡುಗಳ ರಾಯಲ್ಟಿ ಹಣ ಸುರಿದು ಎಲಿಂಗ್ಟನ್ ತಂಡ ಉಳಿಸಿಕೊಂಡಿದ್ದರು. ನ್ಯೂಪೋರ್ಟ್ ಆದ ಮರುತಿಂಗಳೇ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ. 1974ರಲ್ಲಿ ತೀರಿಕೊಳ್ಳುವವರೆಗೂ ಬ್ಯಾಂಡ್ ಮತ್ತೆ ಆ ಸ್ಥಿತಿಗೆ ಇಳಿಯಲಿಲ್ಲ.

ಸೂಟ್ ಬಗ್ಗೆ ಹೆಚ್ಚು ಹೇಳುವುದಿಲ್ಲ; ಲೈವ್ ರೂಪದಲ್ಲೂ ಸಾಧಾರಣ. ಎರಡನೇ ಸಿಡಿಯ ಮೊದಲ ಭಾಗವನ್ನು ಮಾತ್ರ ಬಿಡಬೇಡಿ. ಕೆರಳಿದ ಜನರನ್ನು ತಣ್ಣಗೆ ಮಾಡಲು ಎಲಿಂಗ್ಟನ್ ಹಾಜಸ್ ಅವರನ್ನು ಮುಂದೆ ಬಿಡುತ್ತಾರೆ. 'ಜೀಪ್ಸ್ ಬ್ಲೂಸ್'ನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಅವರು ಜಾರುವ ರೀತಿ ನಮ್ಮ ಗಮಕ ಬಲ್ಲ ಕಿವಿಗೆ ತಕ್ಷಣ ಹಿಡಿಸುತ್ತದೆ. ಕೊನೆಗೆ 'ಮೂಡ್ ಇಂಡಿಗೊ' ನುಡಿಸುತ್ತಾ ವಿದಾಯ ಹೇಳುತ್ತಾರೆ. ಅದಾದ ಮೇಲಿನವು ಜುಲೈ 9ರ ಸ್ಟುಡಿಯೊ ಟ್ರ್ಯಾಕ್‌ಗಳು. ಮೊದಲ ಸಲ ಕೇಳುವಾಗ ಪ್ಲೇಯರನ್ನು 'ಮೂಡ್ ಇಂಡಿಗೊ'ಗೇ ನಿಲ್ಲಿಸಿ, ಸ್ಟುಡಿಯೊದ್ದನ್ನು ಬೇರೆ ದಿನ ಹೋಲಿಸಲು ಇಟ್ಟುಕೊಳ್ಳಿ.